ಸರ್ಕಾರಿ ಶಾಲೆಯಿಂದ ಎಂಬಿಬಿಎಸ್‌ಗೆ: ದುಡ್ಡು ಎಲ್ಲಿಂದ?

ಪ್ರಶ್ನೆ: ಮಗಳು ನಾಗಮಂಗಲದ ಸರ್ಕಾರಿ ಪಿಯು ಕಾಲೇಜಿನಲ್ಲಿ ಎರಡನೇ ವರ್ಷದ ಸೈನ್ಸ್ ಓದುತ್ತಿದ್ದಾಳೆ. ಏಳರವರೆಗೆ ನಮ್ಮೂರ ಶಾಲೆ, ಎಂಟರಿಂದ ಹತ್ತು ಬೆಳ್ಳೂರಿನ ಹೈಸ್ಕೂಲು, ಎಲ್ಲ ಕನ್ನಡ ಮೀಡಿಯಂ. ನಮಗಿರುವುದು ಒಂದೂವರೆ ಎಕರೆ ಹೊಲ, ಎರಡು ಹಸು. ಮನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಬಿ.ಜಿ. ನಗರದ ಆಸ್ಪತ್ರೆಗೇ ಹೋಗುವುದು. ಅಲ್ಲೇ ಡಾಕ್ಟರ್ ಓದಬೇಕು ಅನ್ನುತ್ತಾಳೆ. ನಮ್ಮಂಥವರಿಗೆ ಆಗುವ ಮಾತಾ?
– ಒಬ್ಬ ತಾಯಿ, ಬೆಳ್ಳೂರು ಹೋಬಳಿ

ಉತ್ತರ: ಆಗುವ ಮಾತೇ ತಾಯಿ. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬರಬೇಕು ಅನ್ನುವುದು ಮೊದಲ ಮಾತು. ಅದು ಬಂದರೆ ದುಡ್ಡಿನ ದಾರಿ ನೀವು ಹೆದರಿರುವಷ್ಟು ಕಡಿದಾಗಿಲ್ಲ.

ಆದಿಚುಂಚನಗಿರಿ ಮಠ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1986ರಲ್ಲಿ, ಬಿ.ಜಿ. ನಗರದ ಮೆಡಿಕಲ್ ಕಾಲೇಜನ್ನು ಶುರು ಮಾಡಿತು. ಅದು ಖಾಸಗಿ ಕಾಲೇಜು, ನಿಜ. ಆದರೆ ಅಲ್ಲಿನ ಒಂದು ಪಾಲು ಸೀಟು ಸರ್ಕಾರಿ ಕೋಟಾದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕವೇ ಹಂಚಿಕೆಯಾಗುತ್ತದೆ. ಒಂದೇ ಕ್ಲಾಸಿನಲ್ಲಿ ಪಕ್ಕಪಕ್ಕ ಕೂರುವ ಇಬ್ಬರಲ್ಲಿ ಸರ್ಕಾರಿ ಕೋಟಾದವರಿಗೆ ವರ್ಷದ ಶುಲ್ಕ ಒಂದೆರಡು ಲಕ್ಷದ ಆಸುಪಾಸಿನಲ್ಲಿದ್ದರೆ, ಖಾಸಗಿ ಕೋಟಾದವರಿಗೆ ಹತ್ತು ಲಕ್ಷ ದಾಟುತ್ತದೆ. ಊರಲ್ಲಿ ‘ಕೋಟಿ ಬೇಕು’ ಅನ್ನುವ ಮಾತು ಹುಟ್ಟಿದ್ದು ಆ ಎರಡನೇ ಲೆಕ್ಕದಿಂದ. 2006ರಲ್ಲಿ ಶುರುವಾದ ಮಂಡ್ಯದ ಮಿಮ್ಸ್ ಸರ್ಕಾರಿ ಕಾಲೇಜು, ಅಲ್ಲಿ ಇನ್ನೂ ಕಡಿಮೆ. ಆಯ್ಕೆಗಳನ್ನು ತುಂಬುವಾಗ ಮನೆಗೆ ಹತ್ತಿರ ಅಂತ ಬಿ.ಜಿ. ನಗರವನ್ನು ಮೊದಲಿಗೆ ಹಾಕಬೇಡಿ. ಸರ್ಕಾರಿ ಕಾಲೇಜುಗಳೆಲ್ಲ ಮೇಲಿರಲಿ.

ಇನ್ನು ಮೀಸಲಾತಿ. ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5. ಗ್ರಾಮೀಣಕ್ಕೆ ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ ಓದಿರಬೇಕು. ಬೆಳ್ಳೂರು ಈಗ ಪಟ್ಟಣ ಪಂಚಾಯಿತಿ. ನಿಮ್ಮ ಮಗಳು ಹೈಸ್ಕೂಲಿನ ಮೂರು ವರ್ಷ ಅಲ್ಲಿ ಓದಿರುವುದರಿಂದ ಗ್ರಾಮೀಣ ಕೋಟಾ ಕೈತಪ್ಪುವ ಸಾಧ್ಯತೆಯೇ ಹೆಚ್ಚು. ನಾಲ್ಕು ಮೈಲಿ ಆಚೆಯ ಹೈಸ್ಕೂಲಿಗೆ ಹೋಗಿದ್ದರೆ ಸಿಗುತ್ತಿತ್ತು ಅನ್ನುವುದು ಸಂಕಟದ ವಿಷಯ, ಆದರೆ ಸುಳ್ಳು ಭರವಸೆ ಕೊಡಲಾರೆ. ಕನ್ನಡ ಮಾಧ್ಯಮದ ಕೋಟಾ ಮಾತ್ರ ಅವಳದೇ. ಎರಡೂ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ, ಬಿಇಒ ಸಹಿ ಹಾಕಿಸಿ ಈಗಲೇ ಇಟ್ಟುಕೊಳ್ಳಿ. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಮೇಲಿನ ಆರ್‌ಡಿ ನಂಬರನ್ನು ಬರೆದಿಡಿ. ಆಧಾರ್‌ನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿ. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೂ ತಕರಾರು ಬರುತ್ತದೆ.

ದುಡ್ಡಿಗೆ ಮೂರು ಬಾಗಿಲು ತಟ್ಟಿ. ಹೊಲ ಇರುವುದರಿಂದ ರೈತ ವಿದ್ಯಾನಿಧಿ ಇದೆ. ಎಂಬಿಬಿಎಸ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ ನಿಗದಿಯಾಗಿದೆ, ಅದಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಆಗಿರಬೇಕು. ಎರಡನೆಯದು ದೊಡ್ಡದು: ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಪದವಿಯ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಎಷ್ಟೋ ಜನ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸಾಲ ಮಾಡಿ ಖಾಸಗಿ ಪಿಯುಗೆ ಸೇರಿಸಿ ಈ ಹಕ್ಕು ಕಳೆದುಕೊಂಡಿದ್ದಾರೆ. ನೀವು ಕಳೆದುಕೊಂಡಿಲ್ಲ. ಮೂರನೆಯದು ಅರಿವು ಸಾಲ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ ಇದನ್ನು ಶೇ 2ರ ಬಡ್ಡಿಗೆ ಕೊಡುತ್ತದೆ. ಒಕ್ಕಲಿಗರಿಗೆ, ವೀರಶೈವ ಲಿಂಗಾಯತರಿಗೆ ಬೇರೆ ನಿಗಮಗಳಿವೆ.

ಒಂದು ಎಚ್ಚರಿಕೆ. ಇವೆಲ್ಲ ಕೈಗೆ ಬರುವುದು ಸೇರಿದ ಎಷ್ಟೋ ತಿಂಗಳ ಮೇಲೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನ. ಆ ಮೊದಲ ಕಂತಿಗೆ ಹಾಲಿನ ಡೇರಿಯ ದುಡ್ಡೋ, ಸ್ತ್ರೀಶಕ್ತಿ ಸಂಘದ ಸಾಲವೋ, ಈಗಿನಿಂದಲೇ ಏರ್ಪಾಡು ಮಾಡಿಕೊಳ್ಳಿ. ಬ್ಯಾಂಕಿನ ಶೈಕ್ಷಣಿಕ ಸಾಲಕ್ಕೆ ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಹೊಲದ ಪತ್ರ ತನ್ನಿ ಅಂದರೆ ಸರ್ಕಾರದ ಖಾತರಿ ಯೋಜನೆಯ ಬಗ್ಗೆ ಮ್ಯಾನೇಜರನ್ನು ಕೇಳಿ.

ಪ್ರಶ್ನೆ: ಪರಿಶಿಷ್ಟ ಜಾತಿಯವನು, ಎಂಬಿಬಿಎಸ್ ಮೊದಲ ವರ್ಷ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮಂಜೂರಾಗಿದೆ ಅಂತ ತೋರಿಸುತ್ತದೆ, ದುಡ್ಡು ಬಂದಿಲ್ಲ.
– ವಿದ್ಯಾರ್ಥಿ, ಪಾಂಡವಪುರ

ಉತ್ತರ: ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ಕೇಳು. ಲಿಂಕ್ ಆಗಿದ್ದರೆ ಸಾಲದು, ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕು ಅಂತ ತೋರಿಸುವ ಎನ್‌ಪಿಸಿಐ ಮ್ಯಾಪಿಂಗ್ ಇದೇ ಖಾತೆಗಿರಬೇಕು. ಹಳೆಯ ಖಾತೆಗೆ ಮ್ಯಾಪಿಂಗ್ ಇದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು ಶೇ 60, ಅದು ನೇರ ನಿನ್ನ ಖಾತೆಗೇ ಬರುತ್ತದೆ. ಅದರಲ್ಲಿ ಶುಲ್ಕದ ಭಾಗವನ್ನು ತಡಮಾಡದೆ ಕಾಲೇಜಿಗೆ ಕಟ್ಟಿ ರಸೀದಿ ಇಟ್ಟುಕೋ. ಮನೆಯ ಖರ್ಚಿಗೆ ತೆಗೆದರೆ ಮುಂದಿನ ವರ್ಷ ತೊಂದರೆಯಾಗುತ್ತದೆ.

ಪ್ರಶ್ನೆ: ತಮಿಳುನಾಡಿನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೇ ಮೆಡಿಕಲ್ ಸೀಟು ಇದೆಯಂತೆ. ನಮ್ಮಲ್ಲಿ ಏಕಿಲ್ಲ? ನನ್ನ ಪಿಂಚಣಿಯಲ್ಲಿ ಸ್ವಲ್ಪ ದುಡ್ಡು ತೆಗೆದಿಡುವ ಆಸೆಯಿದೆ. ಯಾವುದಕ್ಕೆ ಕೊಡಲಿ?
– ನಿವೃತ್ತ ಶಿಕ್ಷಕರು, ಕೆ.ಆರ್. ಪೇಟೆ

ಉತ್ತರ: ಹೌದು ಮೇಷ್ಟ್ರೇ. ನ್ಯಾಯಮೂರ್ತಿ ಕಲೈಯರಸನ್ ಸಮಿತಿಯ ವರದಿಯ ಮೇಲೆ 2020ರಲ್ಲಿ ಅಲ್ಲಿ ಕಾನೂನಾಯಿತು. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಶೇ 7.5 ಸೀಟು, ಶುಲ್ಕವೂ ಸರ್ಕಾರದ್ದೇ. ನಮ್ಮಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಅನ್ನುವ ಲೆಕ್ಕ ಇದೆ, ಸರ್ಕಾರಿ ಶಾಲೆ ಅನ್ನುವ ಲೆಕ್ಕ ಇಲ್ಲ. 2019–20ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಆ ತರಗತಿಗಳಲ್ಲಿ ಕೂತ ಕೂಲಿಕಾರರ ಮಗು ನಾಳೆ ಕನ್ನಡ ಮಾಧ್ಯಮದ ಕೋಟಾ ಕೇಳುವಂತಿಲ್ಲ. ಶಾಲೆ ಪಟ್ಟಣದಲ್ಲಿದ್ದರೆ ಗ್ರಾಮೀಣವೂ ಇಲ್ಲ. ಬಡತನ ಹಾಗೇ ಇದೆ, ಸವಲತ್ತು ಮಾತ್ರ ಹೋಯಿತು. ತಮಿಳುನಾಡಿನಂಥ ಕಾನೂನು ನಮಗೂ ಬೇಕೇ ಬೇಕು ಅಂತ ನಾನು ಎಲ್ಲ ಕಡೆ ಹೇಳುತ್ತಿದ್ದೇನೆ. ನಿಮ್ಮ ಶಾಸಕರಿಗೆ ನೀವೂ ಬರೆಯಿರಿ.

ನಿಮ್ಮ ದುಡ್ಡನ್ನು ಸನ್ಮಾನ, ಶಾಲು, ಫಲಕಕ್ಕೆ ಹಾಕಬೇಡಿ. ಸೀಟು ಸಿಕ್ಕ ಮಕ್ಕಳಿಗೆ ಚಪ್ಪಾಳೆ ಹೊಡೆಯುವವರು ಬೇಕಾದಷ್ಟು ಜನ. ಸರ್ಕಾರಿ ಪಿಯುನಲ್ಲಿ ಓದುತ್ತಿರುವವರಿಗೆ ನೀಟ್ ಪುಸ್ತಕ, ಅರ್ಜಿ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಬಸ್ ಚಾರ್ಜು ಕೊಡಿ. ಹೆಚ್ಚು ಕೂಡಿಟ್ಟಿದ್ದರೆ ಮೊದಲ ಕಂತಿಗೆ ಕೈಸಾಲವಾಗಿ ಕೊಡಿ. ವಿದ್ಯಾರ್ಥಿವೇತನ ಬಂದಾಗ ಅವರು ಹಿಂತಿರುಗಿಸಲಿ, ಅದೇ ದುಡ್ಡು ಮುಂದಿನ ವರ್ಷ ಇನ್ನೊಂದು ಮಗುವಿಗೆ ಹೋಗುತ್ತದೆ. ಲೆಕ್ಕ ಬರೆಯಲು ಒಂದು ಪುಸ್ತಕ, ಜೊತೆಗೆ ನಿಮ್ಮ ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿಗಳು ಇದ್ದರೆ ಈ ಜೂನ್‌ನಲ್ಲೇ ಶುರು ಮಾಡಬಹುದು.