ಗೆರೆಯ ಈಚೆಗೆ ಬಂದಮೇಲೆ ಕಲಿತದ್ದು

ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳು ಫುಟ್‌ಬಾಲ್ ತಂಡ ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದ ಕಾಲದಲ್ಲಿ ನಾನು ಅಂಥದೊಂದು ತಂಡಕ್ಕೆ ಆಡಿದವನು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಕೆಲಸ, ಲೀಗ್ ಶುರುವಾದರೆ ಸಂಜೆ ಅಶೋಕನಗರದ ಸ್ಟೇಡಿಯಂ. ಆಟವೇ ನನಗೆ ಅನ್ನ ಕೊಟ್ಟಿತು. ಮಂಡಿ ಸೋತ ಮೇಲೆ ಮಕ್ಕಳಿಗೆ ಕಲಿಸಲು ನಿಂತೆ. ಆಡಿದವನಿಗೆ ಆಡಿಸುವುದು ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಈಗ ಆಟ ಮುಗಿಸಿ ಕೋಚಿಂಗ್‌ಗೆ ಬರುವ ಹುಡುಗರು ಏನಾದರೂ ಹೇಳಿ ಎನ್ನುತ್ತಾರೆ. ಹೇಳಲು ನನ್ನಲ್ಲಿರುವುದು ಹೆಚ್ಚಾಗಿ ತಪ್ಪಿದ ಕಥೆಗಳೇ.

1. ಕಾಲಿಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ

ನಾನು ಮಿಡ್‌ಫೀಲ್ಡರ್. ಬೆನ್ನ ಹಿಂದೆ ಎದುರಾಳಿ ಇದ್ದಾನೋ ಇಲ್ಲವೋ ಎಂಬುದು ಚೆಂಡು ಬರುವ ಮುಂಚೆಯೇ ನನಗೆ ತಿಳಿದಿರುತ್ತಿತ್ತು. ನನ್ನ ಗುಂಪಿನ ಒಬ್ಬ ಹುಡುಗ ತಿರುಗಿದಾಗಲೆಲ್ಲ ಚೆಂಡು ಕಳೆದುಕೊಳ್ಳುತ್ತಿದ್ದ. "ನೋಡ್ಕೊಂಡು ತಿರುಗೋ" ಎಂದು ಗದರಿದೆ. "ಯಾವಾಗ ನೋಡ್ಬೇಕು ಸರ್?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟು ವರ್ಷ ಮಾಡಿದ ಕೆಲಸವನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಮುಂದೆ ನಾರ್ವೆಯ ಸಂಶೋಧಕ ಗೇರ್ ಯೂರ್ಡೆಟ್ ಅವರ ಕೆಲಸದ ಬಗ್ಗೆ ಓದಿದೆ. ಪ್ರೀಮಿಯರ್ ಲೀಗ್ ಆಟಗಾರರು ಚೆಂಡು ಬರುವ ಮುಂಚಿನ ಕೆಲವು ಸೆಕೆಂಡುಗಳಲ್ಲಿ ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತಾರೆ ಎಂದು ಅವರು ವಿಡಿಯೊ ನೋಡಿ ಲೆಕ್ಕ ಹಾಕಿದ್ದಾರೆ. ಫ್ರಾಂಕ್ ಲ್ಯಾಂಪಾರ್ಡ್ ಅಂಥವರು ಬಿಡದೆ ನೋಡುತ್ತಿದ್ದರು. ಹೆಚ್ಚು ನೋಡಿದವರ ಪಾಸ್‌ಗಳೇ ಹೆಚ್ಚು ಗುರಿ ಮುಟ್ಟುತ್ತಿದ್ದವು. ಆ ಹುಡುಗನಿಗೆ ಆಮೇಲೆ ಉತ್ತರ ಕೊಟ್ಟೆ: ಜೊತೆಗಾರ ಪಾಸ್ ಕೊಡುವ ಮುಂಚೆ ಒಮ್ಮೆ ನೋಡು, ಚೆಂಡು ದಾರಿಯಲ್ಲಿರುವಾಗ ಇನ್ನೊಮ್ಮೆ ನೋಡು. ಈಗ ಹಿಂದೆ ಒಬ್ಬನನ್ನು ನಿಲ್ಲಿಸಿ ಬೆರಳು ಎತ್ತಿಸುತ್ತೇನೆ. ಚೆಂಡು ಕಾಲಿಗೆ ತಾಗುವ ಮೊದಲು ಎಷ್ಟು ಬೆರಳು ಎಂದು ಕೂಗಬೇಕು. ಎಂಟು ವರ್ಷದ ಮಕ್ಕಳೂ ಬೇಗ ಕಲಿಯುತ್ತಾರೆ.

2. ಗೆರೆಯಾಚೆಯಿಂದ ಅವರ ಆಟ ನೀವು ಆಡಬೇಡಿ

ಮೊದಮೊದಲು ಮ್ಯಾಚಿನುದ್ದಕ್ಕೂ ಕೂಗುತ್ತಿದ್ದೆ. ಕೊಡು, ಬಿಡು, ಹೊಡಿ, ವಾಪಸ್ ಬಾ. ಅದೇ ಕೋಚಿಂಗ್ ಎಂದು ನಂಬಿದ್ದೆ. ಒಂದು ಮ್ಯಾಚಿನಲ್ಲಿ ರೈಟ್ ವಿಂಗ್‌ನ ಹುಡುಗ ನನ್ನ ಎದುರಿನ ಗೆರೆಯಲ್ಲೇ ಆಡುತ್ತಿದ್ದ. ಚೆಂಡು ಸಿಕ್ಕಿದ ಕೂಡಲೇ ಮೊದಲು ನನ್ನ ಮುಖ ನೋಡುವುದು, ಅಷ್ಟರಲ್ಲಿ ಎದುರಾಳಿ ಬಂದು ಕಿತ್ತುಕೊಳ್ಳುವುದು. ಹಾಫ್ ಟೈಮ್ ಮುಗಿದು ತಂಡಗಳು ಬದಿ ಬದಲಿಸಿದವು, ಅವನು ಆಚೆ ಗೆರೆಗೆ ಹೋದ. ನನ್ನ ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿ ಇಬ್ಬರನ್ನು ದಾಟಿ ಅವನು ಹಾಕಿದ ಕ್ರಾಸ್ ನೋಡಿ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಮಗುವಿನ ತೀರ್ಮಾನವನ್ನು ನಾನು ಕಸಿದುಕೊಳ್ಳುತ್ತಿದ್ದೆ. ಈಗ ಚೆಂಡು ಆಟದಲ್ಲಿರುವಾಗ ಸುಮ್ಮನಿರಲು ಪ್ರಯತ್ನಿಸುತ್ತೇನೆ. ಹೇಳುವುದನ್ನು ಚೀಟಿಯಲ್ಲಿ ಬರೆದುಕೊಂಡು, ಆಮೇಲೆ ಪ್ರಶ್ನೆಯಾಗಿ ಕೇಳುತ್ತೇನೆ: ಆಗ ನಿನಗೆ ಏನು ಕಾಣಿಸಿತು? ಬಿಗಿ ಮ್ಯಾಚುಗಳಲ್ಲಿ ಇನ್ನೂ ಬಾಯಿ ತೆರೆದುಬಿಡುತ್ತದೆ.

3. ಎತ್ತರ ನೋಡಿ ಆರಿಸಬೇಡಿ

ಇದು ನನ್ನನ್ನು ಇಂದಿಗೂ ಕಾಡುವ ತಪ್ಪು. ಹದಿಮೂರರೊಳಗಿನ ತಂಡ ಕಟ್ಟುವಾಗ ಒಬ್ಬ ಪುಟ್ಟ ಹುಡುಗನನ್ನು ಬಿಟ್ಟೆ. ಚೆಂಡಿನ ಮೇಲೆ ಅವನ ಹಿಡಿತ ಎಲ್ಲರಿಗಿಂತ ಚೆನ್ನಾಗಿತ್ತು, ಆದರೆ ಭುಜ ತಾಗಿದರೆ ಬೀಳುತ್ತಿದ್ದ. ದೊಡ್ಡವರನ್ನು ಹಾಕಿಕೊಂಡು ಟೂರ್ನಿ ಗೆದ್ದೆವು. ಆ ಹುಡುಗ ಗ್ರೌಂಡಿಗೆ ಬರುವುದನ್ನೇ ನಿಲ್ಲಿಸಿದ. ಬಹಳ ತಡವಾಗಿ ಹುಟ್ಟಿದ ದಿನಾಂಕಗಳನ್ನು ಒಟ್ಟಿಗಿಟ್ಟು ನೋಡಿದೆ. ಆರಿಸಿದವರಲ್ಲಿ ಬಹುಪಾಲು ಜನವರಿಯಿಂದ ಏಪ್ರಿಲ್‌ವರೆಗಿನವರು; ಅವನು ನವೆಂಬರ್‌ನವನು. ವಯೋಮಿತಿಯ ಗಡಿ ಜನವರಿ 1 ಆಗಿರುವಲ್ಲೆಲ್ಲ ಹೀಗಾಗುತ್ತದೆ, ಯುರೋಪಿನ ದೊಡ್ಡ ಅಕಾಡೆಮಿಗಳಲ್ಲೂ ಸಂಶೋಧಕರು ಇದನ್ನೇ ಕಂಡಿದ್ದಾರೆ. ಹನ್ನೆರಡನೇ ವಯಸ್ಸಿಗೆ ಹತ್ತು ತಿಂಗಳ ಬೆಳವಣಿಗೆ ಸಣ್ಣ ಮಾತಲ್ಲ. ನಾನು ಪ್ರತಿಭೆ ಎಂದು ಆರಿಸಿದ್ದು ಎಷ್ಟೋ ಸಲ ಬರೀ ಮೈಯಷ್ಟೇ. ಈಗ ಆಯ್ಕೆಯ ಹಾಳೆಯಲ್ಲಿ ಹೆಸರಿನ ಪಕ್ಕದಲ್ಲೇ ಹುಟ್ಟಿದ ತಿಂಗಳಿರುತ್ತದೆ. ಚಿಕ್ಕವರನ್ನು ಕಡಿಮೆ ಜಾಗದ ಆಟಗಳಲ್ಲಿ, ಐದೈದು ಜನರ ಪಂದ್ಯಗಳಲ್ಲಿ ನೋಡುತ್ತೇನೆ. ಅಲ್ಲಿ ಓಟಕ್ಕಿಂತ ಬುದ್ಧಿಗೆ ಕೆಲಸ. ಟೂರ್ನಿಗಳಲ್ಲಿ ಸೋಲು ಜಾಸ್ತಿಯಾಗಿದೆ, ಅದನ್ನು ಆಡಳಿತದವರಿಗೆ ಮೊದಲೇ ಹೇಳಿಡುತ್ತೇನೆ.

4. ನೀವು ಆಡಿದ ಆಟ ಈಗಿಲ್ಲ

ಜೊತೆಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಬಂದದ್ದು 1992ರಲ್ಲಿ. ಗೋಲ್ ಕಿಕ್ಕನ್ನು ಪೆನಾಲ್ಟಿ ಪ್ರದೇಶದೊಳಗೇ ಜೊತೆಗಾರ ತೆಗೆದುಕೊಳ್ಳಬಹುದು ಎಂದಾದದ್ದು 2019ರಲ್ಲಿ. ಎರಡನೆಯ ಬದಲಾವಣೆ ಬಂದಾಗಲೂ ನಾನು ನನ್ನ ಕಾಲದಂತೆ ದೂರಕ್ಕೆ ಹೊಡೆಸುತ್ತಲೇ ಇದ್ದೆ. ಎದುರು ತಂಡದ ಕೀಪರ್ ಪಕ್ಕದಲ್ಲಿದ್ದ ಬ್ಯಾಕ್‌ಗೆ ಮೆಲ್ಲಗೆ ತಳ್ಳಿ ಆಟ ಕಟ್ಟುವುದನ್ನು ನೋಡಿದ ಮೇಲೆಯೇ ಮತ್ತೆ ಓದಲು ಕುಳಿತೆ. ಡಿ ಲೈಸೆನ್ಸ್ ಕೋರ್ಸಿನಲ್ಲಿ ನನ್ನ ಅರ್ಧ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತದ್ದು ನನಗೆ ಒಳ್ಳೆಯದಾಯಿತು.

5. ಮೊದಲು ಜೀವ ಉಳಿಸುವುದನ್ನು ಕಲಿಯಿರಿ

2004ರ ಡಿಸೆಂಬರ್ 5ರಂದು ನಮ್ಮದೇ ಊರಿನಲ್ಲಿ ಫೆಡರೇಷನ್ ಕಪ್ ಫೈನಲ್ ನಡೆಯುವಾಗ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೈದಾನದಲ್ಲಿ ಕುಸಿದು ತೀರಿಕೊಂಡರು. ಈ ಊರಿನ ಆಟಗಾರರು ಯಾರೂ ಅದನ್ನು ಮರೆತಿಲ್ಲ. ಆದರೂ ಕೋಚ್ ಆದ ಮೇಲೆ, ತಲೆಗೆ ತಲೆ ಬಡಿದು ಮಂಕಾಗಿದ್ದ ಹುಡುಗನ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಆಟಕ್ಕೆ ಕಳಿಸಿದವನು ನಾನು. ನನ್ನ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಅವನಿಗೆ ಏನೂ ಆಗಲಿಲ್ಲ, ಅದು ನನ್ನ ಜಾಣತನದಿಂದಲ್ಲ. 2021ರ ಜೂನ್‌ನಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ನಿಂತು ಬಿದ್ದಾಗ ಮೈದಾನದಲ್ಲೇ ಎದೆ ಒತ್ತಿ, ಯಂತ್ರದಿಂದ ಶಾಕ್ ಕೊಟ್ಟು ಉಳಿಸಿದರು. ಅವರು ಮತ್ತೆ ಆಡಿದರು. ಹತ್ತಿರದ ಆಸ್ಪತ್ರೆ ಯಾವುದು, ಶಾಕ್ ಯಂತ್ರ ಎಲ್ಲಿದೆ, ಗೇಟಿನ ಬೀಗದ ಕೈ ಯಾರ ಬಳಿ ಇದೆ — ಇಷ್ಟು ತಿಳಿಯದೆ ಅಭ್ಯಾಸ ಶುರು ಮಾಡಬೇಡಿ. ತಲೆಗೆ ಏಟು ಬಿದ್ದವನು ಆ ದಿನ ಮತ್ತೆ ಆಡಬಾರದು, ಫೈನಲ್ ಆದರೂ ಸರಿಯೇ.

6. ಅಪ್ಪ ಅಮ್ಮನಿಗೆ ನಿಜ ಹೇಳಿ

ಇದೇ ಊರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್ ಆಡಿದರು, ಕಾರ್ಲ್ಟನ್ ಚಾಪ್ಮನ್ ಭಾರತ ತಂಡದ ನಾಯಕರಾದರು. ಈ ಹೆಸರುಗಳನ್ನು ಹೇಳಿ ಆಸೆ ಹುಟ್ಟಿಸುವುದು ಬಹಳ ಸುಲಭ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಾಗ ನಾನೂ ಕಣ್ಣೀರಿಟ್ಟವನು. ಆದರೆ ಹಿಂದೊಮ್ಮೆ, "ಇವನು ಖಂಡಿತ ಮೇಲೆ ಬರ್ತಾನೆ ಬಿಡಿ" ಎಂದು ಒಬ್ಬ ತಂದೆಗೆ ಹೇಳಿದ್ದೆ. ಅವರು ನನ್ನ ಮಾತು ನಂಬಿ ಮಗನನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಲಿಲ್ಲ. ಹುಡುಗ ಮೇಲೆ ಬರಲಿಲ್ಲ. ನಾನು ಆಡುವಾಗ ಕಾರ್ಖಾನೆಯ ನೌಕರಿ ಬೆನ್ನಿಗಿತ್ತು. ಅಂಥ ನೌಕರಿಗಳು ಈಗ ಬಹಳ ಕಡಿಮೆ, ಕ್ಲಬ್ಬುಗಳಲ್ಲಿ ಜಾಗ ಬೆರಳೆಣಿಕೆಯಷ್ಟು. ಆ ಲೆಕ್ಕ ನನಗೆ ಗೊತ್ತಿತ್ತು, ಹೇಳಲಿಲ್ಲ. ಈಗ ಸೇರುವ ದಿನವೇ ಹೇಳುತ್ತೇನೆ. ಪರೀಕ್ಷೆಯ ತಿಂಗಳಲ್ಲಿ ಅಭ್ಯಾಸ ಕಡಿಮೆ ಮಾಡುತ್ತೇನೆ, ರೆಫರಿ, ಫಿಸಿಯೊ ಕೆಲಸಗಳ ಬಗ್ಗೆಯೂ ತಿಳಿಸುತ್ತೇನೆ. ಇದನ್ನು ಕೇಳಿ ಮಗನನ್ನು ಬೇರೆ ಅಕಾಡೆಮಿಗೆ ಕರೆದುಕೊಂಡು ಹೋದವರಿದ್ದಾರೆ. ಒಳ್ಳೆಯ ಆಟಗಾರರೂ ಹಾಗೆ ಹೋಗಿದ್ದಾರೆ, ನೋವಾಗಿದೆ. ಆದರೂ ಮುಂದೆ ಬರುವವರಿಗೂ ಅದನ್ನೇ ಹೇಳುತ್ತೇನೆ.