ಸಣ್ಣ ನಾಯಿ, ದೊಡ್ಡ ನಾಯಿ, ಒಂದೇ ಬಯಲು: ಹತ್ತು ಸೂತ್ರಗಳು

ನಮ್ಮಕ್ಕನ ಮನೆಯ ಪಮೇರಿಯನ್ ನಾಯಿಯ ಹೆಸರು ಚಿನ್ನಿ. ತೂಕ ಆರು ಕಿಲೋ. ಹೋದ ಚಳಿಗಾಲದಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಯ ಬದಿಯ ಬಯಲಿನಲ್ಲಿ ಅದು ಒಂದು ಬೇಟೆನಾಯಿಯ ಮುಂದೆ ಹಾದು ಓಡಿತು. "ನಮ್ದು ಏನೂ ಮಾಡಂಗಿಲ್ರಿ ಅಕ್ಕಾರ" ಎಂದು ಅದರ ಯಜಮಾನರು ಹೇಳಿ ಮುಗಿಸುವಷ್ಟರಲ್ಲಿ ಬೇಟೆನಾಯಿ ಚಿನ್ನಿಯ ಸೊಂಟಕ್ಕೆ ಬಾಯಿ ಹಾಕಿ, ಎತ್ತಿ, ಒಮ್ಮೆ ಝಾಡಿಸಿ ಕೆಳಗೆ ಬಿಟ್ಟಿತ್ತು. ಎಲ್ಲ ಸೇರಿ ಮೂರು ಸೆಕೆಂಡು. ಮೇಲೆ ಕಂಡದ್ದು ಜೋಳದ ಕಾಳಿನಷ್ಟು ಎರಡು ತೂತು, ರಕ್ತವೂ ಹೆಚ್ಚಿರಲಿಲ್ಲ. ಅರಿಶಿಣ ಹಚ್ಚಿ ಮನೆಗೆ ಕರೆದುಕೊಂಡು ಬಂದೆವು. ಸಂಜೆಗೆ ಪಕ್ಕೆ ಊದಿಕೊಂಡಿತು. ಡಾಕ್ಟರು ಕೂದಲು ಬೋಳಿಸಿ ನೋಡಿದರೆ, ತೊಗಲಿನಡಿಯ ಮಾಂಸ ಅಂಗೈ ಅಗಲ ಹರಿದುಹೋಗಿತ್ತು. ಹೊಲಿಗೆ ಬಿದ್ದವು, ಚಿನ್ನಿ ಉಳಿಯಿತು.

ಆ ಬೇಟೆನಾಯಿ ಕೆಟ್ಟದ್ದಲ್ಲ. ಅದರ ಯಜಮಾನರೂ ಕೆಟ್ಟವರಲ್ಲ. ಎರಡನ್ನೂ ಒಂದೇ ಹೊತ್ತಿಗೆ ಹಗ್ಗ ಬಿಚ್ಚಿ ಒಂದೇ ಬಯಲಿಗೆ ಬಿಟ್ಟದ್ದು ತಪ್ಪು. ಆ ತಪ್ಪು ಮರುಕಳಿಸಬಾರದೆಂದು ಆಮೇಲೆ ಕೇಳಿ, ನೋಡಿ, ಪಾಲಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ತೂಕ ಹಾಕಿ, ಅಂದಾಜು ಬೇಡ

ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ನಾಯಿಗಳಿಗೆಂದೇ ಉದ್ಯಾನಗಳಿರುವ ದೇಶಗಳಲ್ಲಿ ಸಣ್ಣ ನಾಯಿಯ ಗೆರೆ ಸಾಮಾನ್ಯವಾಗಿ 11ರಿಂದ 13 ಕಿಲೋ ನಡುವೆ ಇರುತ್ತದೆ. ನಮ್ಮ ಲೆಕ್ಕಕ್ಕೆ 12 ಎಂದಿಟ್ಟುಕೊಳ್ಳೋಣ. ಪಮೇರಿಯನ್, ಪಗ್, ಡ್ಯಾಶ್‌ಹುಂಡ್, ಶಿಟ್ಸು ಈಚೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್, ಬೇಟೆನಾಯಿ ಆಚೆ. ರೋಮ ತುಂಬಿಕೊಂಡ ನಾಯಿ ದೊಡ್ಡದಾಗಿ ಕಾಣುತ್ತದೆ, ಮೈಮೇಲೆ ನೀರು ಹಾಕಿದರೆ ಅರ್ಧವಾಗುತ್ತದೆ. ಆದ್ದರಿಂದ ಕಣ್ಣಳತೆಯನ್ನು ನಂಬಬೇಡಿ.

2. ತೂಕದ ಜೊತೆ ತಳಿಯನ್ನೂ ನೋಡಿ

ಇದು ನಮ್ಮ ಭಾಗದವರು ಎಲ್ಲರಿಗಿಂತ ಹೆಚ್ಚು ಗಮನಿಸಬೇಕಾದ ಮಾತು. ದುಧನಿ, ಮೈಂದರ್ಗಿ ಕಡೆಯ ರೈತರ ಹೊಲಮನೆಗಳಲ್ಲಿ ಕಟ್ಟಿರುವ ಉದ್ದ ಮೋರೆಯ, ಹೊಟ್ಟೆ ಒಳಸರಿದ ಬೇಟೆನಾಯಿಗೆ ನಾವು ಮುಧೋಳ ನಾಯಿ ಎನ್ನುತ್ತೇವೆ, ಮರಾಠಿಯವರು ಕಾರವಾನ್ ಎನ್ನುತ್ತಾರೆ. ಇದು ನಮ್ಮ ಹೆಮ್ಮೆಯ ತಳಿ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಉಳಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ.

ಈ ನಾಯಿ ಮೂಸಿ ಬೇಟೆಯಾಡುವುದಲ್ಲ, ಕಂಡು ಬೇಟೆಯಾಡುವುದು. ತಲೆತಲಾಂತರದಿಂದ ಜನ ಅದನ್ನು ಆರಿಸಿ ಬೆಳೆಸಿದ್ದು ಒಂದೇ ಗುಣಕ್ಕಾಗಿ: ಮುಂದೆ ಸಣ್ಣದೇನಾದರೂ ಓಡಿದರೆ ಯೋಚಿಸದೆ ಬೆನ್ನಟ್ಟಬೇಕು. ಬಿಳಿ ಪಮೇರಿಯನ್ ಹುಲ್ಲಿನಲ್ಲಿ ಹಾರುತ್ತ ಓಡಿದರೆ ಅದರ ಕಣ್ಣಿಗೆ ಕಾಣುವುದು ಮೊಲ. ಆ ಕ್ಷಣದಲ್ಲಿ ಯಜಮಾನರ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಮನೆಯಲ್ಲಿ ಮಕ್ಕಳ ತೊಡೆಯ ಮೇಲೆ ತಲೆಯಿಟ್ಟು ಮಲಗುವ ನಾಯಿಯೇ ಬಯಲಲ್ಲಿ ಹೀಗೆ ಮಾಡುತ್ತದೆ. ಎರಡೂ ಅದರ ನಿಜವಾದ ಗುಣವೇ. ಹಾಗಾಗಿ "ನಮ್ದು ಏನೂ ಮಾಡಂಗಿಲ್ಲ" ಎಂಬ ಮಾತನ್ನು ಬಯಲಿನ ಹೊರಗೇ ಬಿಟ್ಟು ಬನ್ನಿ.

3. ಬೇಲಿ ಇಲ್ಲದ ಕಡೆ ಗಡಿಯಾರವೇ ಬೇಲಿ

ನಮ್ಮ ಬಯಲುಗಳಿಗೆ ಒಳಬೇಲಿ ಇಲ್ಲ. ಹೊತ್ತು ಹಂಚಿಕೊಂಡರೆ ಆ ಕೆಲಸ ಆಗುತ್ತದೆ. ನಮ್ಮ ಬಯಲಲ್ಲಿ ಈಗ ಬೆಳಿಗ್ಗೆ ಆರರಿಂದ ಆರೂಮುಕ್ಕಾಲರವರೆಗೆ ಸಣ್ಣವು, ಏಳರಿಂದ ದೊಡ್ಡವು. ನಡುವಿನ ಹದಿನೈದು ನಿಮಿಷ ಯಾವ ನಾಯಿಯ ಹಗ್ಗವನ್ನೂ ಬಿಚ್ಚುವುದಿಲ್ಲ. ಒಂದು ವಾಟ್ಸಾಪ್ ಗುಂಪು, ಆರೇಳು ಮನೆ, ಎರಡು ದಿನದ ಮಾತುಕತೆ, ಇಷ್ಟರಲ್ಲಿ ಮುಗಿದ ಕೆಲಸ.

ತಂಪು ಹೊತ್ತನ್ನು ಸಣ್ಣವಕ್ಕೆ ಕೊಟ್ಟದ್ದಕ್ಕೆ ಕಾರಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಚಪ್ಪಟೆ ಮೂಗಿನ ಪಗ್ ಮತ್ತು ಶಿಟ್ಸುಗಳಿಗೆ ಉಸಿರಿನಿಂದ ಮೈ ತಣಿಸಿಕೊಳ್ಳುವುದು ಕಷ್ಟ. ಬೇಟೆನಾಯಿ ನಮ್ಮ ಬಿಸಿಲಿಗೇ ಹುಟ್ಟಿದ್ದು, ಒಂದು ತಾಸು ತಡವಾದರೆ ತಡೆದುಕೊಳ್ಳುತ್ತದೆ.

4. ಸಣ್ಣ ನಾಯಿಯ ಯಜಮಾನರೇ, ನಿಮಗೂ ಒಂದು ಮಾತು

ದೊಡ್ಡ ನಾಯಿಯ ಹೊತ್ತಿನಲ್ಲಿ "ಐದೇ ನಿಮಿಷ" ಎಂದು ನುಗ್ಗಬೇಡಿ. ಸಣ್ಣ ನಾಯಿ ದೊಡ್ಡದರ ಕಾಲ ಬಳಿ ನುಗ್ಗಿ ಬೊಗಳುವುದನ್ನು ನೋಡಿ ನಕ್ಕು ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಅದು ಭಯದ ಬೊಗಳು. ಅದೇ ಕೆಲಸವನ್ನು ರಾಟ್‌ವೀಲರ್ ಮಾಡಿದ್ದರೆ ನಾವು ಪೊಲೀಸರಿಗೆ ಫೋನು ಮಾಡುತ್ತಿದ್ದೆವು. ಶಿಸ್ತು ಎರಡಕ್ಕೂ ಒಂದೇ ಇರಲಿ.

5. ಆಟ ಯಾವುದು, ಬೇಟೆ ಯಾವುದು, ಗುರುತಿಸಿ

ಆಟದಲ್ಲಿ ನಾಯಿ ಮುಂಗಾಲು ಚಾಚಿ ಎದೆ ನೆಲಕ್ಕಿಟ್ಟು ಹಿಂಭಾಗ ಎತ್ತುತ್ತದೆ. ಮೈ ಸಡಿಲವಾಗಿರುತ್ತದೆ, ಬಾಯಿ ತೆರೆದಿರುತ್ತದೆ, ಒಮ್ಮೆ ಇದು ಓಡಿದರೆ ಇನ್ನೊಮ್ಮೆ ಅದು ಓಡುತ್ತದೆ. ಬೇಟೆಯಲ್ಲಿ ಸದ್ದೇ ಇರುವುದಿಲ್ಲ. ಬಾಯಿ ಮುಚ್ಚುತ್ತದೆ, ಕುತ್ತಿಗೆ ಮುಂದಕ್ಕೆ ಚಾಚುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ, ಬಾಲ ಅಲ್ಲಾಡದೆ ನಿಲ್ಲುತ್ತದೆ. ಚಿನ್ನಿ ಓಡುವ ಮುನ್ನ ಆ ಬೇಟೆನಾಯಿ ಹೀಗೆಯೇ ನಿಂತಿತ್ತು. ನಾವೆಲ್ಲ ನೋಡಿದ್ದೆವು. "ಎಷ್ಟು ಚಂದ ನಿಂತೈತಿ" ಎಂದೆವು.

ನಾಯಿ ಹಾಗೆ ನಿಂತಾಗ ಹಗ್ಗ ಹಾಕಿ. ಮತ್ತೊಂದು ಎಚ್ಚರಿಕೆ: ಎರಡು ದೊಡ್ಡ ನಾಯಿ ಸೇರಿ ಒಂದು ಸಣ್ಣದನ್ನು ಬೆನ್ನಟ್ಟುತ್ತಿದ್ದರೆ ಅದು ಆಟವೆಂದೇ ಶುರುವಾಗಿದ್ದರೂ ಆಟವಾಗಿ ಮುಗಿಯಲಿಕ್ಕಿಲ್ಲ. ಆಗಲೇ ನಿಲ್ಲಿಸಿ.

6. ಕಿರುಚಿ ಎತ್ತಿಕೊಂಡು ಓಡಬೇಡಿ

ಕೈಯಲ್ಲಿ ಒದ್ದಾಡುವ ಸಣ್ಣ ನಾಯಿ, ಮೇಲೆ ಕಿರುಚಾಟ, ಓಡುವ ಕಾಲು: ಈ ಮೂರೂ ಸೇರಿದರೆ ದೊಡ್ಡ ನಾಯಿ ನಿಮ್ಮ ಮೇಲೇ ಹಾರುತ್ತದೆ. ನಡುವೆ ನೀವು ನಿಲ್ಲಿ, ಸಣ್ಣದನ್ನು ನಿಮ್ಮ ಹಿಂದಕ್ಕೆ ಎಳೆದುಕೊಳ್ಳಿ, ನಿಧಾನವಾಗಿ ದೂರ ಸರಿಯಿರಿ. ದೊಡ್ಡದರ ಯಜಮಾನರು ಅಷ್ಟರಲ್ಲಿ ಹಗ್ಗ ಹಾಕಬೇಕು.

7. ಹಿಡಿದುಬಿಟ್ಟರೆ

ಬಾಯೊಳಗೆ ಕೈ ಹಾಕಬೇಡಿ. ಸಣ್ಣ ನಾಯಿಯನ್ನು ಎಳೆಯಬೇಡಿ, ಎಳೆದಷ್ಟೂ ತೊಗಲು ಹರಿಯುತ್ತದೆ. ದೊಡ್ಡ ನಾಯಿಯ ಮುಖಕ್ಕೆ ನೀರು ಎರಚಿ. ಬಿಡದಿದ್ದರೆ ಹಿಂದಿನಿಂದ ಬಂದು ಎರಡೂ ಹಿಂಗಾಲನ್ನು ಎತ್ತಿ ಹಿಡಿದು, ಬಾಯಿ ಸಡಿಲಿಸಿದ ಮೇಲೆ ಹಿಂದಕ್ಕೆ ಸರಿಸಿ.

ಗಾಯ ಎಷ್ಟೇ ಸಣ್ಣದಾಗಿ ಕಂಡರೂ ಅದೇ ತಾಸಿನಲ್ಲಿ ಪಶುವೈದ್ಯರಲ್ಲಿಗೆ ಹೋಗಿ. ಹಲ್ಲು ಒಳಗೆ ಹೋಗಿ ಝಾಡಿಸಿದಾಗ ಹೊರಗಿನ ತೂತು ಸಣ್ಣದೇ ಇರುತ್ತದೆ, ಒಳಗೆ ಪಕ್ಕೆಲುಬು ಮುರಿದಿರಬಹುದು, ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. ನಾವು ಅರಿಶಿಣ ಹಚ್ಚಿ ಇಡೀ ದಿನ ಕಳೆದೆವು. ನೀವು ಕಳೆಯಬೇಡಿ. ಬಿಡಿಸುವಾಗ ನಿಮಗೆ ಹಲ್ಲು ತಾಗಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಪರಿಚಯದ ನಾಯಿಯಲ್ಲವೇ ಎಂದು ಬಿಡಬೇಡಿ.

8. ಚೆಂಡು, ಬಿಸ್ಕತ್ತು ಮನೆಯಲ್ಲಿರಲಿ

ಗುಂಪಿನಲ್ಲಿ ಜಗಳ ಹುಟ್ಟಿಸಲು ಒಂದು ಪಾರ್ಲೆ-ಜಿ ಸಾಕು. ಲಸಿಕೆಯ ಸರಣಿ ಮುಗಿಯದ ಮರಿಗಳನ್ನೂ ತರಬೇಡಿ, ಪಾರ್ವೋ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

9. ಗಡ್ಡಾ ಯಾತ್ರೆಯ ದಿನಗಳಲ್ಲಿ ಹಗ್ಗ ಬಿಚ್ಚಲೇಬೇಡಿ

ಗಡ್ಡಾ ಯಾತ್ರೆ ಎಂದರೆ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧರಾಮೇಶ್ವರರ ಜಾತ್ರೆ. ಹೋಂ ಮೈದಾನ ಅಂಗಡಿ, ತೊಟ್ಟಿಲುಗಳಿಂದ ತುಂಬುತ್ತದೆ, ನಂದಿಧ್ವಜಗಳ ಮೆರವಣಿಗೆ ಹೊರಡುತ್ತದೆ, ಮದ್ದು ಸುಡುತ್ತಾರೆ. ಆ ಸದ್ದಿಗೆ ಹೆದರಿದ ನಾಯಿಗೆ ಗೆಳೆಯ ಯಾರು, ವೈರಿ ಯಾರು ಎಂಬುದು ತಿಳಿಯುವುದಿಲ್ಲ. ಊರೊಳಗೆ ಜಾಗವಿಲ್ಲವೆಂದು ನಾನ್ನಜ ಕಡೆಯ ಹುಲ್ಲುಗಾವಲಿಗೆ ಕರೆದೊಯ್ದು ಬಿಡುವುದೂ ಸಲ್ಲದು. ಅದು ನಾವು ಎರೆಭೂತ ಎನ್ನುವ ಮಾಳಢೋಕ ಹಕ್ಕಿಯ ಅಭಯಾರಣ್ಯ. ಅಲ್ಲಿ ತೋಳಗಳೂ ಇವೆ. ಮೊಲ ಕೂಡ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ. ನಿಮ್ಮ ನಾಯಿ ಹಿಡಿದರೆ ಉತ್ತರ ಹೇಳಬೇಕಾದವರು ನೀವು.

10. ಬೇಲಿ ಹಾಕಿದ ಜಾಗ ಕೇಳಿ ಪಡೆಯಿರಿ

ಹೈದರಾಬಾದಿನ ಮಹಾನಗರಪಾಲಿಕೆ 2018ರಲ್ಲಿ ಕೊಂಡಾಪುರದಲ್ಲಿ ನಾಯಿಗಳಿಗೆಂದೇ ಒಂದು ಉದ್ಯಾನ ತೆರೆಯಿತು. ಕಸ ಬೀಳುತ್ತಿದ್ದ 1.3 ಎಕರೆ ಜಾಗ ಅದು. ಸಣ್ಣ ನಾಯಿಗೂ ದೊಡ್ಡ ನಾಯಿಗೂ ಬೇರೆ ಬೇರೆ ಆವರಣ ಮಾಡಿದರು. ಸೊಲ್ಲಾಪುರದ ಪದ್ಮಶಾಲಿ ಮನೆತನಗಳಲ್ಲಿ ಹೈದರಾಬಾದಿನಲ್ಲಿ ನೆಂಟರಿಲ್ಲದವರು ಕಡಿಮೆ. ಮುಂದಿನ ಸಲ ಹೋದಾಗ ಒಮ್ಮೆ ನೋಡಿ ಬನ್ನಿ, ಫೋಟೋ ತನ್ನಿ.

ಸೊಲ್ಲಾಪುರದವರು ಮಹಾನಗರಪಾಲಿಕೆಗೆ, ಅಕ್ಕಲಕೋಟದವರು ನಗರಪರಿಷತ್ತಿಗೆ ಅರ್ಜಿ ಕೊಡಬೇಕು. ಅರ್ಜಿ ಮರಾಠಿಯಲ್ಲಿರಲಿ, ಫಲಕ ಮಾತ್ರ ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ಬೇಕೆಂದು ಬರೆಯಿರಿ. ಐದಡಿ ಎತ್ತರದ ಬೇಲಿ, ಅದರಡಿ ಪಮೇರಿಯನ್ ನುಸುಳದಂತೆ ಕಲ್ಲಿನ ಅಡಿಪಾಯ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವ ಜೋಡಿ ಬಾಗಿಲು, ಎರಡೂ ಕಡೆ ಬೇರೆ ಬೇರೆ ನೀರಿನ ತೊಟ್ಟಿ. ಎರಡರ ನಡುವಿನ ಬೇಲಿಯ ಕೆಳಭಾಗಕ್ಕೆ ತಗಡು ಬಡಿಯಬೇಕೆಂದೂ ಸೇರಿಸಿ. ಒಂದಕ್ಕೊಂದು ಕಂಡರೆ ಬೇಲಿಯುದ್ದಕ್ಕೂ ಓಡಿ ಬೊಗಳುತ್ತಲೇ ಇರುತ್ತವೆ.

ನಾಯಿ ಸಾಕಿದವರ ಜೊತೆಗೆ, ನಾಯಿಗೆ ಹೆದರುವವರ ಸಹಿಯನ್ನೂ ಹಾಕಿಸಿ. ಅವರಿಗೂ ಇದು ಬೇಕು. ಅರ್ಜಿ ಮಂಜೂರಾಗುವವರೆಗೆ ಕಾಯದೆ ನಾಳೆ ಬೆಳಿಗ್ಗೆಯೇ ನಿಮ್ಮ ಬಯಲಿಗೆ ಬರುವ ನಾಲ್ಕು ಜನರನ್ನು ಮಾತಾಡಿಸಿ, ಹೊತ್ತು ಹಂಚಿಕೊಳ್ಳಿ. ಇದಕ್ಕೆ ಯಾವ ಮಂಜೂರಾತಿಯೂ ಬೇಕಿಲ್ಲ.