ಭಾನುವಾರ ಎಲ್ಲಿಗೆ ಹೋಯಿತು?



ಹೋದ ವಾರ ನಮ್ಮ ಸಮಾಜದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನದ ವೇಳಾಪಟ್ಟಿ ಅದು. 2021ರ ಜನವರಿ 9, ಶನಿವಾರ ರಾತ್ರಿ 8-30ಕ್ಕೆ ಹೊರಡುವುದು. 11, ಸೋಮವಾರ ಬೆಳಗಿನ ಜಾವ 3-45ಕ್ಕೆ ಇಳಿಯುವುದು. ಪ್ರಯಾಣ ಎಷ್ಟು ಗಂಟೆ?

ನಾನು ಥಟ್ಟನೆ ಎದ್ದು "31 ಗಂಟೆ 15 ನಿಮಿಷ ಸಾರ್" ಅಂದೆ. "ತಪ್ಪು, ಯೋಚನೆ ಮಾಡ್ಕೊಂಡು ಬಾ" ಅಂದರು. ಎಲ್ಲರೂ ನಕ್ಕರು.

ಮನೆಯಲ್ಲಿ ಅಜ್ಜಿಗೆ ಹೇಳಿದೆ. ನಮ್ಮ ಚಿಕ್ಕಪ್ಪ ಅದೇ ಊರಿನಲ್ಲಿ ಕೆಲಸದಲ್ಲಿದ್ದಾರೆ. ಅಜ್ಜಿ, "ಶನಿವಾರ ಹೊಂಟು ಸೋಮವಾರ ಬಂದ್ರೆ ಭಾನುವಾರ ಎಲ್ಲಿಗೋಯ್ತು ಕೂಸು?" ಅಂದರು.

ಮಾರನೆಯ ದಿನ ಮೇಷ್ಟ್ರು ಬಿಡಿಸಿ ಹೇಳಿದರು. ಭೂಮಿ 15 ಡಿಗ್ರಿ ತಿರುಗಲು 1 ಗಂಟೆ ಬೇಕು. ಅದಕ್ಕೇ ಒಂದೊಂದು ದೇಶಕ್ಕೆ ಒಂದೊಂದು ಗಡಿಯಾರ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ 13½ ಗಂಟೆ ಮುಂದೆ. ಅಲ್ಲಿ ಶನಿವಾರ ರಾತ್ರಿ 8-30 ಆದಾಗ ನಮಗೆ ಭಾನುವಾರ ಬೆಳಿಗ್ಗೆ 10 ಗಂಟೆ! ಅಲ್ಲಿಂದ ಸೋಮವಾರ 3-45ರವರೆಗೆ ಎಣಿಸಿ: 17 ಗಂಟೆ 45 ನಿಮಿಷ. ಭಾನುವಾರ ಆಕಾಶದಲ್ಲೇ ಕಳೆಯಿತು.

ಇನ್ನು ದೂರ. ಗೋಡೆಯ ನಕಾಶೆಯಲ್ಲಿ ನಾನು ಯುರೋಪಿನ ಮೇಲೆ ಅಡ್ಡಗೆರೆ ಎಳೆದಿದ್ದೆ. ಮೇಷ್ಟ್ರು ಗೋಳ ಕೊಟ್ಟು ದಾರ ಹಿಡಿಸಿದರು. ಬಿಗಿಯಾಗಿ ಎಳೆದರೆ ದಾರ ಉತ್ತರ ಧ್ರುವದ ಹತ್ತಿರ ಹಾಯುತ್ತದೆ! ಗುಂಡಗಿನ ಭೂಮಿಯ ಮೇಲೆ ಅದೇ ಹತ್ತಿರದ ದಾರಿ. ದಾರದ ಉದ್ದ 31.5 ಸೆಂ.ಮೀ., ಗೋಳದ ಸುತ್ತಳತೆ 90 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ.

40,000 × 31.5 ÷ 90 = 14,000 ಕಿ.ಮೀ.

ಇದನ್ನು 17¾ ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 790 ಕಿ.ಮೀ. ಅಂಥ ವಿಮಾನ ಮೇಲೆ ಸುಮಾರು 900 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಆದರೆ ಏರುವಾಗ, ಇಳಿಯುವಾಗ ನಿಧಾನ. ಗಾಳಿ ನೋಡಿಕೊಂಡು ದಾರಿಯೂ ಸ್ವಲ್ಪ ಸುತ್ತು.

ಆ ದಿನ ವಿಮಾನ ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿದರು.

ಈ ಲೆಕ್ಕದಿಂದ ನಮ್ಮ ಮನೆಯ ಒಂದು ಜಗಳವೂ ಮುಗಿಯಿತು. ಅಜ್ಜಿ ದಿನಾ ಊಟ ಮುಗಿಸಿ ಮಧ್ಯಾಹ್ನ 2 ಗಂಟೆಗೆ ಫೋನ್ ಮಾಡಿಸುತ್ತಿದ್ದರು. ಚಿಕ್ಕಪ್ಪ ಎತ್ತುತ್ತಿರಲಿಲ್ಲ. "ನನ್ ಮಗ ಮರ್ತುಬುಟ್ಟ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿ ಆಗ ರಾತ್ರಿ 12-30! ಈಗ ನಾನು ಸ್ಕೂಲಿಗೆ ಹೊರಡುವ ಮುಂಚೆ, ಬೆಳಿಗ್ಗೆ 8ಕ್ಕೆ ಮಾಡಿಕೊಡುತ್ತೇನೆ. ಅಲ್ಲಿ ಹಿಂದಿನ ದಿನದ ಸಂಜೆ 6-30. ಮೊದಲ ಸಲಕ್ಕೇ ಎತ್ತಿದರು.

ನಿಮಗೊಂದು ಪ್ರಶ್ನೆ: ಬೇಸಿಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು 1 ಗಂಟೆ ಮುಂದಕ್ಕೆ ಇಡುತ್ತಾರೆ. ಆಗ ನಮ್ಮ ಬೆಳಿಗ್ಗೆ 8 ಗಂಟೆಗೆ ಅಲ್ಲಿ ಎಷ್ಟು ಗಂಟೆ? ಉತ್ತರ ಬರೆದು ತನ್ನಿ.

– 9ನೇ ತರಗತಿ ವಿದ್ಯಾರ್ಥಿನಿ, ಕುಂತೂರು